ಪಂಚಪ್ಪನೂ ಕಂಡ ಜಿಂಕೆ

ಅಟ್ಟೂರು
ಶನಿವಾರ, ೪ ಅಕ್ಟೋಬರ್ ೨೦೨೫

ಸುರೇಶನ ಅಪ್ಪನವರಿಗೆ,

ನಿಮ್ಮ ಮನೆಯಾಕೆ ನಾರಾಯಣಮ್ಮನ ನಮಸ್ಕಾರ. ನಿಮ್ಮ ಕಣ್ಣು ಹೇಗಿದೆ? ಮಲಗುವ ಮುಂಚೆ ಎರಡೂ ಕಣ್ಣಿಗೆ ಒಂದೊಂದು ತೊಟ್ಟು ಔಷಧಿ ಬಿಡಬೇಕು ಎಂದು ಡಾಕ್ಟರು ಹೇಳಿದ್ದು ನೆನಪಿದೆ ತಾನೆ? ಎಡಗಣ್ಣಿನ ನೋಟ ಹೋಗಿದ್ದು ಹೋಯಿತು, ಬಲಗಣ್ಣನ್ನಾದರೂ ಉಳಿಸಿಕೊಳ್ಳಿ ಎಂದು ಅವರು ಕೈ ಮುಗಿಯುವ ಹಾಗೆ ಹೇಳಿದರು. ನೀವೇ ಬಿಟ್ಟುಕೊಂಡರೆ ಅರ್ಧ ತೊಟ್ಟು ಕೆನ್ನೆಗೆ ಹೋಗುತ್ತದೆ. ರಾಧಾಮಣಿಗೆ ಹೇಳಿ, ನಿಮ್ಮ ತಂಗಿ ತಾನೆ, ಬಿಡಲಿ. ಮಂಡಿಯ ಗಾಯ ಪೂರ್ತಿ ಒಣಗಿತೆ? ಮೆಟ್ಟಿಲು ಇಳಿಯುವಾಗ ಇನ್ನೂ ನೋಯುತ್ತದೆಯೆ? ಅಲ್ಲಿ ಊಟಕ್ಕೆ ಖಾರ ಜಾಸ್ತಿ ಎಂದು ಗೊತ್ತು, ಆದರೂ ತಂಗಿಯ ಮನೆಯಲ್ಲಿ ನಿಮ್ಮ ಬಾಯಿಂದ ಒಂದು ಮಾತು ಬಂದಿರಲಾರದು. ಬಾಯಿ ತೆಗೆಯುವುದೆಲ್ಲ ನನ್ನ ಮುಂದೆ ಮಾತ್ರ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಸುರೇಶನ ಎರಡು ನೀರಿನ ಟ್ಯಾಂಕರೂ ಓಡುತ್ತಿವೆ. ಸೊಸೆ ಹರ್ಷಿತಾಗೆ ಸ್ವಲ್ಪ ನೆಗಡಿ. ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ಅವಳು ನಕ್ಕಳು. ಏನು ಮಾಡುವುದು, ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ರಾಧಾಮಣಿಯ ಫೋನಿಗೆ ಮಾಡಿದರೆ ಅವಳು, "ಅಣ್ಣ ಸ್ನಾನಕ್ಕೆ ಹೋಗವ್ನೆ ಅತ್ತಿಗೆ" ಅನ್ನುತ್ತಾಳೆ. ಹಿಂದೆ ನಿಮ್ಮ ಕೆಮ್ಮು ಕೇಳಿಸುತ್ತಿರುತ್ತದೆ. ಎರಡು ತಿಂಗಳಲ್ಲಿ ನೀವು ಮಾಡಿರುವ ಸ್ನಾನ ಮೂವತ್ತೇಳು ವರ್ಷದಲ್ಲಿ ಮಾಡಿರಲಿಲ್ಲ. ಅದಕ್ಕೇ ಕಾಗದ. ನಿಮಗೆ ಓದಲು ಆಗಲಿ ಎಂದು ಅಕ್ಷರ ದಪ್ಪದಪ್ಪವಾಗಿ ಬರೆದಿದ್ದೇನೆ, ಏಳನೇ ಕ್ಲಾಸಿನಲ್ಲಿ ಕೂಡ ಇಷ್ಟು ದುಂಡಗೆ ಬರೆದವಳಲ್ಲ. ರಾಧಾ, ನೀನೇನಾದರೂ ಓದಿ ಹೇಳುತ್ತಿದ್ದರೆ ಇಲ್ಲಿಗೆ ನಿಲ್ಲಿಸಿ ಕಾಗದವನ್ನು ಅಣ್ಣನ ಕೈಗೆ ಕೊಡು. ಮುಂದಿನದು ಗಂಡ ಹೆಂಡಿರ ಮಾತು.

ಕೊಟ್ಟಳೆ? ಸರಿ. ಮೊದಲೇ ಹೇಳಿಬಿಡುತ್ತೇನೆ, ನೀವು ಗೆದ್ದಿರಿ. ಕಾವಲ್ ಕಾಡಿನ ಪಕ್ಕದ ರಸ್ತೆಯಲ್ಲಿ ಜಿಂಕೆ ಇದೆ. ಒಂದಲ್ಲ, ಐದು. ನಾನೇ ನೋಡಿದೆ. ನಾನೊಬ್ಬಳು ನೋಡಿದ್ದರೆ ಹೆಂಡತಿ ಗಂಡನ ಪರ ಹೇಳುತ್ತಾಳೆ ಎಂದು ಊರು ನಗುತ್ತಿತ್ತು, ಪಂಚಪ್ಪನೂ ನೋಡಿದ. ಹೌದು, ಅದೇ ಪಂಚಪ್ಪ. ಈಗ ಸ್ವಲ್ಪ ಗೋಡೆಗೆ ಒರಗಿಕೊಂಡು ಕುಳಿತುಕೊಳ್ಳಿ, ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ನಡುವೆ ನಿಮಗೆ ಕೋಪ ಬರುವಂಥ ಒಂದೆರಡು ವಿಷಯ ಬರುತ್ತವೆ. ಬಂದಾಗ ನೀರು ಕುಡಿದು ಮುಂದಕ್ಕೆ ಓದಿ, ಕಾಗದ ಮಡಿಸಿಡಬೇಡಿ.

ಮೊದಲು ನನ್ನ ತಪ್ಪು. ಭೀಮನ ಅಮಾವಾಸ್ಯೆಯ ದಿನ ನಿಮ್ಮ ಪಾದ ತೊಳೆದು ಪೂಜೆ ಮಾಡಿದವಳು ನಾನೇ. ಮಾರನೆಯ ಬೆಳಿಗ್ಗೆ ಕಾವಲ್ ರಸ್ತೆಯಲ್ಲಿ ಗಾಡಿಯಿಂದ ಬಿದ್ದು, ಯಾರದೋ ಆಟೋದಲ್ಲಿ, ಹರಿದ ಪ್ಯಾಂಟಿನಲ್ಲಿ, ಮಂಡಿಯಿಂದ ರಕ್ತ ಸುರಿಸಿಕೊಂಡು ಬಂದ ನಿಮ್ಮ ಮಾತನ್ನು ನಂಬದವಳೂ ನಾನೇ. "ಜಿಂಕೆ ಅಡ್ಡ ಬಂತು ಕಣೆ" ಎಂದಿರಿ. ನಾನು ಅರಿಶಿನ ಒತ್ತುತ್ತಾ ಹೂಂ ಎಂದೆ, ಆದರೆ ಮನಸ್ಸಿಗೆ ಅದು ಇಳಿಯಲಿಲ್ಲ. ಯಲಹಂಕದ ಮಗ್ಗುಲಲ್ಲಿ, ಸುತ್ತ ಅಪಾರ್ಟ್‌ಮೆಂಟ್ ಎದ್ದಿರುವ ಕಡೆ, ಎಲ್ಲಿಯ ಜಿಂಕೆ? ಅರಳಿಕಟ್ಟೆಯಲ್ಲಿ ಪಂಚಪ್ಪ, "ಅಟ್ಟೂರಲ್ಲಿ ಜಿಂಕೆನಾ? ಮುನಿಯಣ್ಣ, ಜಿಂಕೆ ನೋಡ್ಬೇಕಂದ್ರೆ ಟಿಕೀಟ್ ತಕಂಡು ಬನ್ನೇರುಘಟ್ಟಕ್ಕೆ ಓಗ್ಬೇಕು" ಎಂದನಂತೆ. ವಾರದೊಳಗೆ ನಿಮಗೆ ಜಿಂಕೆ ಮುನಿವೆಂಕಟಯ್ಯ ಎಂದು ಹೆಸರು ಬಿತ್ತು. ಆಮೇಲೆ ಕಣ್ಣಿನ ಪರೀಕ್ಷೆ. ಎಡಗಣ್ಣು ಕಾಣುವುದಿಲ್ಲ, ಇನ್ನು ಗಾಡಿ ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದೇ ತಡ, ಎಲ್ಲರಿಗೂ ಲೆಕ್ಕ ಸರಿಹೋಯಿತು. ಕಣ್ಣಿಲ್ಲ, ಆದ್ದರಿಂದ ಜಿಂಕೆಯೂ ಇಲ್ಲ.

ಅಂದು ಊಟಕ್ಕೆ ಕುಳಿತಾಗ ನೀವು ಮತ್ತೆ ಅದೇ ಮಾತು ತೆಗೆದಿರಿ. ಚುಕ್ಕೆ ಇತ್ತು, ಕಿವಿ ಹೀಗೆ ಅಲ್ಲಾಡಿಸಿತು ಎಂದು ಮುದ್ದೆ ಹಿಡಿದ ಕೈಯಲ್ಲೇ ತೋರಿಸಿದಿರಿ. ನನಗೆ ಆ ದಿನವೆಲ್ಲ ಆಸ್ಪತ್ರೆಯಲ್ಲಿ ನಿಂತು ತಲೆ ಸಿಡಿಯುತ್ತಿತ್ತು, ನಿಮ್ಮ ಕಣ್ಣಿನ ಭಯ ಬೇರೆ. "ಆ ಕಣ್ಣಿಗೆ ಬೀದಿ ನಾಯೀನೂ ಜಿಂಕೆ ಥರಾನೇ ಕಾಣ್ಸುತ್ತೆ ಬಿಡಿ, ಉಣ್ಣಿ" ಎಂದುಬಿಟ್ಟೆ. ನೀವು ತಟ್ಟೆಯಲ್ಲೇ ಕೈ ತೊಳೆದಿರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನ ತವರಿನಲ್ಲಿ ಹೇಳಿಕೊಟ್ಟೇ ಕಳಿಸಿದ್ದರು. ಬೆಳಿಗ್ಗೆ ಚೀಲ ಹಿಡಿದು ಬಾಗಿಲಲ್ಲಿ ನಿಂತು ನೀವು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಜಿಂಕೆ ಇತ್ತು ಅಂತ ಈ ಊರಿನೋರ್ ಬಾಯಲ್ಲೇ ಬರೋವರ್ಗೂ ಈ ಹೊಸ್ತಿಲು ತುಳಿಯಲ್ಲ." ನಾನೂ ಜಂಬದವಳು, ಹೋಗಿ ಎಂದೆ. ಎರಡು ದಿನಕ್ಕೆ ಬರುತ್ತೀರಿ ಎಂದುಕೊಂಡಿದ್ದೆ. ಗೌರಿ ಹಬ್ಬ ಬಂತು, ನೀವು ಬರಲಿಲ್ಲ. ಪಿತೃಪಕ್ಷದಲ್ಲಿ ಮಾವನವರಿಗೆ ಎಡೆ ಇಡಲು ಸುರೇಶ ನಿಂತ. ಆ ದಿನ ಅಡುಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಇದು ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಗೌರಿ ಹಬ್ಬಕ್ಕೂ ಮುಂಚೆಯೇ ನೀವು ಸುರೇಶನಿಗೆ ಹೇಳಿ ಕಳಿಸಿದ್ದಿರಿ, ನನ್ನ ಮೋಟಾರ್ ಸೈಕಲ್ಲನ್ನು ಗುಜರಿಗೆ ಹಾಕು ಎಂದು. ಅದು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಹದಿಮೂರು ವರ್ಷ ಆ ಗಾಡಿಯ ಹಿಂದಿನ ಸೀಟು ನನ್ನದು. ಅದರ ಮೇಲೆ ಹೆಬ್ಬಾಳಕ್ಕೆ ಹೋಗಿದ್ದೇನೆ, ಯಶವಂತಪುರದ ಸಂತೆಗೆ ಹೋಗಿ ಈರುಳ್ಳಿ ಮೂಟೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದೇನೆ, ಸಂಜಯನಗರದಲ್ಲಿ ಹರ್ಷಿತಾಳನ್ನು ನೋಡಲು ಹೋದದ್ದೂ ಅದರ ಮೇಲೆಯೇ. ಕೇಳದೆ ಮಾರುವುದಕ್ಕೆ ನೀವು ಯಾರು? ಬೀಗದ ಕೈ ತೆಗೆದು ಅಕ್ಕಿ ಡಬ್ಬಿಯೊಳಗೆ ಹುಗಿದೆ. ಗುಜರಿಯವನು ಬಂದಾಗ ಗಾಡಿಯ ಸೀಟಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಅವನು ಹತ್ತು ನಿಮಿಷ ನಿಂತು ಹೋದ. ಅಂದು ರಾತ್ರಿ ಸುರೇಶ, "ಯಾರೂ ಓಡ್ಸಲ್ಲ ಅಂದ್ಮೇಲೆ ಇಟ್ಕೊಂಡು ಏನ್ ಮಾಡ್ತೀಯಮ್ಮ?" ಎಂದ. ನಾನು ಓಡಿಸುತ್ತೇನೆ ಎಂದೆ. ಸುಮ್ಮನೆ ಬಾಯಿಗೆ ಬಂದ ಮಾತು ಅದು. ಆದರೆ ಅವನು ನಕ್ಕ ನೋಡಿ, ಆಗ ನಿಜವಾಯಿತು.

ಈಗ ನೀರು ಕುಡಿಯಿರಿ. ನಿಮ್ಮ ಹೆಂಡತಿ ಐವತ್ತೇಳನೆಯ ವಯಸ್ಸಿನಲ್ಲಿ ಮೋಟಾರ್ ಸೈಕಲ್ ಕಲಿತಿದ್ದಾಳೆ. ಸ್ಕೂಟರ್ ಅಲ್ಲ, ನಿಮ್ಮದೇ ಗಾಡಿ, ಗೇರು ಇರುವುದು. ಆರ್.ಟಿ. ನಗರದ ರುಖ್ಸಾರ್ ಎಂಬ ಹುಡುಗಿ ಹೆಂಗಸರಿಗೆ ಗಾಡಿ ಕಲಿಸುತ್ತಾಳೆ. ಹರ್ಷಿತಾ ಅವಳ ನಂಬರು ಹುಡುಕಿ ಕೊಟ್ಟಳು. ಅವಳ ಬಳಿ ಬರುವವರೆಲ್ಲ ಸ್ಕೂಟರ್ ಕಲಿಯುವವರೇ. ನಾನು ಮೋಟಾರ್ ಸೈಕಲ್ ಎಂದಾಗ ಆ ಹುಡುಗಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಸೀರೆಯಲ್ಲಿ ಆಗಲ್ಲ ಆಂಟಿ" ಎಂದಳು. ಸೊಸೆಯ ಚೂಡಿದಾರ ಹಾಕಿದೆ. ಮೊದಲ ದಿನ ನಮ್ಮ ಓಣಿ ದಾಟುವವರೆಗೂ ತಲೆ ಎತ್ತಲಿಲ್ಲ. ಎರಡನೆಯ ದಿನ ಎತ್ತಿದೆ. ಮೂರನೆಯ ದಿನ, ಸೀರೆಯನ್ನು ಕಂಡುಹಿಡಿದವರು ಗಾಡಿ ಹತ್ತದವರೇ ಇರಬೇಕು ಎನಿಸಿತು.

ಕ್ಲಚ್ಚು ನನ್ನ ಜೀವ ತಿಂದಿತು. ಬಿಟ್ಟರೆ ಗಾಡಿ ಕಪ್ಪೆಯ ಹಾಗೆ ನೆಗೆದು ಆರಿಹೋಗುತ್ತಿತ್ತು. ಒಂದೇ ಬೆಳಿಗ್ಗೆ ಹದಿನಾಲ್ಕು ಸಲ ಆರಿತು. ರುಖ್ಸಾರ್ ಬೈಯಲಿಲ್ಲ. "ಆಂಟಿ, ಹಾಲು ಉಕ್ಕುವಾಗ ಉರಿ ಹೆಂಗೆ ಸಣ್ಣ ಮಾಡ್ತೀರಾ? ಪಟ್ ಅಂತ ಆರಿಸ್ತೀರಾ? ಇಲ್ಲ ಅಲ್ವಾ? ಹಂಗೇ ಬಿಡಿ" ಎಂದಳು. ಇದನ್ನು ಮೊದಲೇ ಹೇಳಿದ್ದರೆ ಎರಡು ದಿನ ಉಳಿಯುತ್ತಿತ್ತಲ್ಲ ತಾಯಿ ಎಂದೆ. ಒಂದು ಸಲ ಬಿದ್ದೆ, ಮೊಣಕೈ ತರಚಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಉದ್ದ ತೋಳಿನ ರವಿಕೆ ಹಾಕಿಕೊಂಡು ತಿರುಗಿದೆ. ಸೆಪ್ಟೆಂಬರ್ ಕೊನೆಗೆ ಲೈಸೆನ್ಸಿನ ಪರೀಕ್ಷೆ. ಎಂಟರ ಆಕಾರದಲ್ಲಿ ಕಾಲು ಊರದೆ ಗಾಡಿ ತಿರುಗಿಸಬೇಕು. ನನ್ನ ಮುಂದೆ ಇದ್ದ ಕಾಲೇಜು ಹುಡುಗ ಎರಡು ಸಲ ಕಾಲು ಊರಿದ. ನಾನು ಊರಲಿಲ್ಲ. ಪರೀಕ್ಷೆ ಮಾಡುವ ಸಾಹೇಬರು, "ಏನಮ್ಮ, ಈ ವಯಸ್ಸಲ್ಲಿ ಯಾಕೆ?" ಎಂದು ಕೇಳಿದರು. ಮನೆಯವರಿಗೆ ಕಣ್ಣು ಕಾಣುವುದಿಲ್ಲ ಸಾರ್, ಅವರನ್ನು ಕರೆದುಕೊಂಡು ಓಡಾಡಬೇಕು ಎಂದೆ. ಅದುವರೆಗೆ ನಾನು ಹಟಕ್ಕೆ ಕಲಿಯುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ಅಲ್ಲಿ ನಿಂತು ಹಾಗೆ ಹೇಳಿದವಳೇ ಹೆಲ್ಮೆಟ್ಟಿನ ಗಾಜು ಕೆಳಗೆ ಎಳೆದುಕೊಂಡೆ.

ಇನ್ನು ಜಿಂಕೆಯ ವಿಷಯ. ಮೊನ್ನೆ ಬುಧವಾರ ಆಯುಧ ಪೂಜೆ ಮಾಡಿದೆವು. ಎರಡು ಟ್ಯಾಂಕರು, ನಿಮ್ಮ ಗಾಡಿ, ಬೋರಿನ ಮೋಟರು, ನನ್ನ ಈಳಿಗೆಮಣೆ, ಎಲ್ಲಕ್ಕೂ ಪೂಜೆ ಆಯಿತು. ಸುರೇಶ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ದೃಷ್ಟಿ ತೆಗೆದು ಒಡೆದ. ನಿಮಗೆ ಗೊತ್ತಿರುವ ಹಾಗೆ ನಮ್ಮ ಮನೆಯಲ್ಲಿ ಒಡೆದ ಚೂರನ್ನು ರಸ್ತೆಯಲ್ಲಿ ಬಿಡುವುದಿಲ್ಲ. ಎರಡು ವರ್ಷದ ಹಿಂದೆ ಅದರ ಮೇಲೆ ಸ್ಕೂಟರ್ ಜಾರಿ ಒಬ್ಬ ಟೀಚರಮ್ಮ ಬಿದ್ದ ಮೇಲೆ ನಾನೇ ಮಾಡಿದ ಕಟ್ಟಳೆ ಅದು. ಅಮಾವಾಸ್ಯೆಗೆ ಟ್ಯಾಂಕರಿಗೆ ಒಡೆದದ್ದಾಗಲಿ, ಹಬ್ಬಕ್ಕೆ ಒಡೆದದ್ದಾಗಲಿ, ಚೂರೆಲ್ಲ ಬುಟ್ಟಿಗೆ ತುಂಬಿ ಕಾವಲ್ ಪಕ್ಕ, ಕಾಡಿನ ಕಾಂಪೌಂಡ್ ಕುಸಿದಿರುವ ಕಡೆ ಸುರಿದು ಬರಬೇಕು. ಮಣ್ಣಿಗೆ ಮಣ್ಣಾಗಲಿ, ಯಾರ ಕಾಲಿಗೂ ಸಿಗದಿರಲಿ ಎಂದು. ಈ ಸಲ ಅಕ್ಕಪಕ್ಕದ ಐದಾರು ಮನೆಯವರೂ ನಮ್ಮದನ್ನು ನೋಡಿ ಅವರವರ ಕುಂಬಳಕಾಯಿ, ಬಾಳೆಕಂದು ಎಲ್ಲ ಅಲ್ಲೇ ತಂದು ಸುರಿದರು. ಊರಿಗೆ ಒಳ್ಳೆಯ ಬುದ್ಧಿ ಕಲಿಸಿದೆ ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ಗುರುವಾರ ವಿಜಯದಶಮಿ. ಬೆಳಿಗ್ಗೆ ಆರೂವರೆಗೆ ವಿದ್ಯಾರಣ್ಯಪುರದಿಂದ ಹೂವು ತರಲು ನಾನೊಬ್ಬಳೇ ಹೊರಟೆ. ತೆಳ್ಳಗೆ ಮಂಜಿತ್ತು. ಕಾವಲ್ ರಸ್ತೆಯಲ್ಲಿ ಒಂದು ಜೀವವಿಲ್ಲ. ಎರಡನೇ ಗೇರು, ಇಪ್ಪತ್ತೈದರ ಮೇಲೆ ಹೋಗಿಲ್ಲ. ನೀವು ಬಿದ್ದ ತಿರುವು ಹತ್ತಿರ ಬಂದಾಗ ಎಡಗಡೆ ಪೊದೆಯ ಪಕ್ಕ ಒಂದು ಕಿವಿ ಅಲ್ಲಾಡಿತು. ಕಿವಿ ಮಾತ್ರ. ನೀವು ಮುದ್ದೆಯ ಕೈಯಲ್ಲಿ ತೋರಿಸಿದ್ದಿರಲ್ಲ, ಹಾಗೆಯೇ. ಅಷ್ಟರಲ್ಲಿ ಒಂದು ಮರಿ ಚಂಗನೆ ನೆಗೆದು ರಸ್ತೆಯ ನಡುವೆ ನಿಂತುಬಿಟ್ಟಿತು. ನಿಜ ಹೇಳುತ್ತೇನೆ, ನನಗೆ ದೇವರ ಹೆಸರೂ ನೆನಪಾಗಲಿಲ್ಲ. ನೆನಪಾದದ್ದು ರುಖ್ಸಾರಳ ಮಾತು, ಎರಡೂ ಬ್ರೇಕು ಒಟ್ಟಿಗೆ, ಹ್ಯಾಂಡಲ್ ನೆಟ್ಟಗೆ, ಕಣ್ಣು ಮುಚ್ಚಬಾರದು. ಹಿಡಿದೆ. ಹಿಂದಿನ ಚಕ್ರ ಒಂದು ಕುಂಬಳದ ಚೂರಿನ ಮೇಲೆ ಹತ್ತಿ ಹಾವಿನಂತೆ ಹೊರಳಿತು. ಬಲಗಾಲು ಊರಿ, ಹಲ್ಲು ಕಚ್ಚಿ ಎತ್ತಿ ಹಿಡಿದೆ. ಗಾಡಿ ನಿಂತಿತು. ಮರಿಗೂ ಮುಂದಿನ ಚಕ್ರಕ್ಕೂ ಎರಡು ಮೊಳ ಇತ್ತು. ನಾನು ಬೀಳಲಿಲ್ಲ. ಇದನ್ನು ಎರಡು ಸಲ ಓದಿ, ನಾನು ಬೀಳಲಿಲ್ಲ.

ಇಂಜಿನ್ ಆರಿದ ಮೇಲೆ ಎಷ್ಟು ನಿಶ್ಶಬ್ದ ಎಂದರೆ ಅವು ಜಗಿಯುವ ಸದ್ದು ಕೇಳಿಸುತ್ತಿತ್ತು. ಕುಸಿದ ಕಾಂಪೌಂಡಿನ ಬಾಯಲ್ಲಿ ಮೂರು ಹೆಣ್ಣು, ಒಂದು ಕೊಂಬಿನದು. ಮೈ ತುಂಬ ಬಿಳಿ ಚುಕ್ಕೆ. ತಲೆ ಬಗ್ಗಿಸಿ ಕುಂಬಳಕಾಯಿ ತಿನ್ನುತ್ತಿದ್ದವು, ಮೂತಿಗೆಲ್ಲ ಕುಂಕುಮ. ಪೂಜೆ ಮುಗಿಸಿಕೊಂಡು ಬಂದ ಮುತ್ತೈದೆಯರ ಹಾಗೆ ಕಾಣುತ್ತಿದ್ದವು. ಆ ಮರಿ ನನ್ನನ್ನೇ ನೋಡುತ್ತಿತ್ತು. ನನಗೆ ಒಂದೇ ಸಮನೆ ಕಣ್ಣಲ್ಲಿ ನೀರು. ಭಯಕ್ಕಲ್ಲ. ಇವರು ಸುಳ್ಳು ಹೇಳಲಿಲ್ಲ, ಇವರಿಗೆ ಭ್ರಮೆಯೂ ಆಗಿರಲಿಲ್ಲ, ಇಷ್ಟು ದೊಡ್ಡ ಜೀವವನ್ನು ಎದುರಿಗೆ ಕಂಡು ಬಂದ ಮನುಷ್ಯನಿಗೆ ನಾಯಿ ಎಂದೆನಲ್ಲ ಎಂದು.

ಆಗ ಎದುರಿನಿಂದ ಮೊಪೆಡ್ಡಿನ ಸದ್ದು ಕೇಳಿಸಿತು. ಹಿಂದೆ ಹುಲ್ಲಿನ ಹೊರೆ, ಮುಂದೆ ಹಾಲಿನ ಕ್ಯಾನು, ನಡುವೆ ಪಂಚಪ್ಪ. ದೇವರು ಯಾರನ್ನಾದರೂ ಸಾಕ್ಷಿಗೆ ಕಳಿಸು ಎಂದರೆ ಇವನನ್ನೇ ಕಳಿಸಬೇಕೆ? ನಾನು ಪೊಲೀಸಿನವರ ಹಾಗೆ ಕೈ ಎತ್ತಿ ನಿಲ್ಲಿಸಿದೆ. ಮೊದಲು ನನ್ನ ಚೂಡಿದಾರ ನೋಡಿದ, ಆಮೇಲೆ ಗಾಡಿ ನೋಡಿದ, ಆಮೇಲೆ ನನ್ನ ಬೆರಳು ತೋರಿಸಿದ ಕಡೆ ನೋಡಿದ. ಬಾಯಿ ತೆರೆದವನು ಮುಚ್ಚಲಿಲ್ಲ. ಕೊನೆಗೆ ಪಿಸುಗುಟ್ಟಿದ, "ಅಕ್ಕಯ್ಯ, ಇದು ಜಿಂಕೆ ಅಲ್ವಾ?" ನಾನು, "ಅಲ್ಲ ಪಂಚಪ್ಪ, ಬೀದಿ ನಾಯಿ. ನಿಂಗೂ ಕಣ್ಣು ಹೋಯ್ತಾ?" ಎಂದೆ. ಎರಡು ತಿಂಗಳು ಹೊಟ್ಟೆಯಲ್ಲಿ ಕುಳಿತಿದ್ದ ಮಾತು ಅದು. ಅವನಿಗೆ ಹೇಳಿದೆನೋ ನನಗೆ ಹೇಳಿಕೊಂಡೆನೋ ಗೊತ್ತಿಲ್ಲ. ಅವನು ತಲೆ ತಗ್ಗಿಸಿ, "ಮುನಿಯಣ್ಣ ಏಳಿದ್ದು ದಿಟ ಕಣಕ್ಕಯ್ಯ" ಎಂದ. ಜಿಂಕೆಗಳು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಮರಿಯನ್ನು ಕರೆದುಕೊಂಡು ಕಾಂಪೌಂಡಿನ ಒಳಗೆ ಹೋದವು.

ಪಂಚಪ್ಪ ಅಲ್ಲಿಂದ ಜಾರಿಕೊಳ್ಳಲು ನೋಡಿದ. ಹಸು ಕಾಯುತ್ತಿದೆ, ಹಾಲು ಒಡೆಯುತ್ತದೆ, ಇನ್ನೂ ಏನೇನೋ. ನಾನು ಗಾಡಿಯನ್ನು ಅವನ ಮೊಪೆಡ್ಡಿಗೆ ಅಡ್ಡ ನಿಲ್ಲಿಸಿದೆ. ಎಲ್ಲಿ ನಕ್ಕಿದ್ದೆಯೋ ಅಲ್ಲೇ ಬಂದು ಹೇಳು, ಆಮೇಲೆ ಹಸುವಿನ ಹತ್ತಿರ ಹೋಗು ಎಂದೆ. ಅವನು ಮುಂದೆ, ನಾನು ಹಿಂದೆ. ಹೂವು ಮರೆತೇ ಹೋಯಿತು. ಅರಳಿಕಟ್ಟೆಯಲ್ಲಿ ಹಬ್ಬದ ಬೆಳಿಗ್ಗೆ ಹತ್ತು ಹನ್ನೊಂದು ಜನ ಕಾಫಿ ಲೋಟ ಹಿಡಿದು ಕುಳಿತಿದ್ದರು. ನಾನು ಗಾಡಿ ಓಡಿಸಿಕೊಂಡು ಬಂದದ್ದು ನೋಡಿ ಒಬ್ಬರ ಲೋಟ ಬಾಯಿಗೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಪಂಚಪ್ಪ ಇಳಿದು, ಟವೆಲ್ಲು ಕೊಡವಿ, "ಕೇಳ್ರಪ್ಪ, ಮುನಿಯಣ್ಣ ಅವತ್ತು ಏಳಿದ್ದು ದಿಟ. ಕಾವಲ್ ರೋಡಲ್ಲಿ ಜಿಂಕೆ ಅವೆ. ನಾನೇ ಕಣ್ಣಾರೆ ಕಂಡೆ" ಎಂದ.

ಮುಂದೆ ಆದದ್ದನ್ನು ನೀವು ಇದ್ದು ನೋಡಬೇಕಿತ್ತು. ಯಾರೂ ನಂಬಲಿಲ್ಲ. "ಪಂಚಪ್ಪ, ನೀನೂ ಕಣ್ಣಾಸ್ಪತ್ರೆಗೆ ಓಗಪ್ಪ" ಎಂದರು ಒಬ್ಬರು. "ಹಬ್ಬದ ದಿನ ಬೆಳಗ್ಗೇನೇ ಸುರು ಮಾಡ್ಕಂಡ್ಯಾ?" ಎಂದರು ಇನ್ನೊಬ್ಬರು. ಕಟ್ಟೆಯೆಲ್ಲ ಗೊಳ್ಳೆಂದಿತು. ನಿಮ್ಮನ್ನು ನೋಡಿ ನಕ್ಕ ಅದೇ ನಗು, ಅದೇ ಬಾಯಿಗಳು. ಪಂಚಪ್ಪನ ಮುಖ ಕೆಂಪಾಯಿತು. ನನಗೆ ಒಂದು ಗಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಆಮೇಲೆ ಪಾಪ ಎನಿಸಿತು, ಯಾಕೆಂದರೆ ಆ ಮುಖವನ್ನು ನಾನು ನಮ್ಮ ಮನೆಯ ಊಟದ ತಟ್ಟೆಯ ಎದುರು ನೋಡಿದ್ದೆ. ಪಂಚಪ್ಪ ನಿಮ್ಮ ಹಾಗೆ ತಂಗಿಯ ಮನೆಗೆ ಹೋಗುವ ಜಾತಿಯವನಲ್ಲ. ಕಟ್ಟೆಯ ಮೇಲೆ ಹತ್ತಿ ನಿಂತು, "ನಾಳೆ ಬೆಳಗ್ಗೆ ಆರು ಗಂಟೆಗೆ ಎಲ್ರೂ ಬರ್ರಿ. ಜಿಂಕೆ ಕಾಣ್ದಿದ್ರೆ ನನ್ ಮೀಸೆ ಬೋಳಿಸ್ತೀನಿ" ಎಂದುಬಿಟ್ಟ.

ನಿನ್ನೆ ಶುಕ್ರವಾರ ಬೆಳಿಗ್ಗೆ ಅರ್ಧ ಅಟ್ಟೂರು ಕಾವಲ್ ರಸ್ತೆಯಲ್ಲಿ ಇತ್ತು. ಗಾಡಿಗಳನ್ನು ದೂರ ನಿಲ್ಲಿಸಿ, ಚಪ್ಪಲಿ ಸದ್ದು ಮಾಡದೆ, ಮದುವೆ ಮನೆಗೆ ಕರೆಯದೆ ಬಂದವರ ಹಾಗೆ ಗೋಡೆ ಹಿಡಿದು ನಿಂತಿದ್ದರು. ಆರೂಕಾಲು, ಆರೂವರೆ, ಏನೂ ಇಲ್ಲ. ಪಂಚಪ್ಪ ಮೀಸೆ ಸವರಿಕೊಳ್ಳುತ್ತಿದ್ದ. ನಾನು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ, ಬಾರಮ್ಮ, ನನ್ನ ಗಂಡ ಮನೆಗೆ ಬರಬೇಕು, ಒಮ್ಮೆ ಮುಖ ತೋರಿಸಿ ಹೋಗು ಎಂದು. ಏಳಕ್ಕೆ ಇನ್ನೇನು ಹೊರಡಬೇಕು, ಆಗ ಬಂತು ಕೊಂಬಿನದು. ಹಿಂದೆ ತಾಯಿ, ಮರಿ. ಉಳಿದಿದ್ದ ಬಾಳೆಕಂದಿಗೆ ಬಾಯಿ ಹಾಕಿದವು. ಹನ್ನೆರಡು ಜನ ಗಂಡಸರು ಉಸಿರು ಬಿಗಿಹಿಡಿದು ನಿಂತಿದ್ದರು, ಹರ್ಷಿತಾ ಫೋಟೊ ತೆಗೆದಳು. ಜಿಂಕೆಗಳು ಹೋದ ಮೇಲೆ ಕಟ್ಟೆಯ ಹಿರಿಯರು, ನಿಮ್ಮ ಜೊತೆ ಶಾಲೆಗೆ ಹೋದವರು, ಚನ್ನಕೇಶವಣ್ಣನವರು ನನ್ನ ಹತ್ತಿರ ಬಂದು, "ನಮ್ದು ತಪ್ಪಾಯ್ತು ತಾಯಿ. ಮುನಿವೆಂಕಟಯ್ಯ ಕಂಡಿದ್ದು ಜಿಂಕೇನೇ. ಅವ್ನಿಗೆ ಏಳ್ಬಿಡು" ಎಂದರು. ಹೇಳಿದ್ದೇನೆ. ಫೋಟೊ ಇದರೊಳಗೆ ಇಟ್ಟಿದ್ದೇನೆ, ಬಲಗಣ್ಣಿಗೆ ಹತ್ತಿರ ಹಿಡಿದು ನೋಡಿ.

ಈಗ ನಿಮ್ಮ ಮಾತನ್ನು ಉಳಿಸಲು ಊರಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡುತ್ತಿರುವವನು ಪಂಚಪ್ಪ. ಸಿಕ್ಕಸಿಕ್ಕವರನ್ನು ನಿಲ್ಲಿಸಿ ನಿಮ್ಮ ಕಥೆಯಿಂದ ಶುರು ಮಾಡಿ ತನ್ನ ಕಥೆಗೆ ಬರುತ್ತಾನೆ. ನಿನ್ನೆ ಸಂಜೆ ಅವನೂ ಸುರೇಶನೂ ಸೇರಿ ತಗಡಿಗೆ ಬಣ್ಣ ಬಳಿದು ಆ ತಿರುವಿನಲ್ಲಿ ಬೋರ್ಡು ನಿಲ್ಲಿಸಿದರು. ಜಿಂಕೆ ಇದೆ, ನಿಧಾನ ಎಂದು ಬರೆದಿದ್ದಾರೆ. ಅಕ್ಷರ ಸೊಟ್ಟ, ಆದರೂ ಓದಬಹುದು.

ಇನ್ನು ಒಂದು ಮಾತು ಉಳಿಯಿತು. ಇದನ್ನು ಕಟ್ಟೆಯವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ, ನೀವೂ ಹೇಳಬಾರದು. ಆ ಮೂತಿಯ ಕುಂಕುಮ ನೋಡಿದಾಗಲೇ ನನಗೆ ಹೊಳೆಯಿತು. ಭೀಮನ ಅಮಾವಾಸ್ಯೆಯ ದಿನ ಹೊಸ ಟ್ಯಾಂಕರಿಗೆ ಎರಡು ಕುಂಬಳಕಾಯಿ ಒಡೆದು, ಅದನ್ನು ಬುಟ್ಟಿಯಲ್ಲಿ ತುಂಬಿ ಕಾವಲ್ ಪಕ್ಕ ಸುರಿದು ಬಂದವಳು ನಾನೇ. ಮಾರನೆಯ ಬೆಳಿಗ್ಗೆ ನೀವು ಬಿದ್ದದ್ದು ಅಲ್ಲೇ. ಎರಡು ವರ್ಷದಿಂದ ಅಮಾವಾಸ್ಯೆ ಅಮಾವಾಸ್ಯೆಗೂ ಎಲೆ ಹಾಕಿ ಊಟಕ್ಕೆ ಕರೆದ ಹಾಗೆ ಅವುಗಳನ್ನು ರಸ್ತೆಗೆ ಕರೆದವಳು ನಾನು. ಜಿಂಕೆ ತಂದವಳೂ ನಾನೇ, ಇಲ್ಲ ಎಂದವಳೂ ನಾನೇ. ನನ್ನನ್ನು ಕ್ಷಮಿಸಿ. ಇನ್ನು ಮುಂದೆ ಒಡೆದ ಕಾಯಿ ನಮ್ಮ ಹಿತ್ತಲಿನ ಗುಂಡಿಗೆ, ಅಕ್ಕಪಕ್ಕದವರಿಗೂ ಹೇಳಿಯಾಯಿತು. ಯಾಕೆ ಎಂದು ಕೇಳಿದರು, ಜಿಂಕೆಗೆ ಅಜೀರ್ಣವಾಗುತ್ತದೆ ಎಂದೆ.

ಜಿಂಕೆಯೂ ನಿಜ, ಎಡಗಣ್ಣು ಹೋದದ್ದರಿಂದ ಅದು ನಿಮಗೆ ತಡವಾಗಿ ಕಂಡದ್ದೂ ನಿಜ. ಎರಡನ್ನೂ ಒಪ್ಪಿಕೊಳ್ಳೋಣ. ನೀವಿಲ್ಲದ ಮನೆಯಲ್ಲಿ ಬೆಳಗಿನ ಕಾಫಿಗೆ ಎರಡು ಲೋಟ ತೆಗೆದು ಒಂದನ್ನು ವಾಪಸು ಇಡುವುದು ನನಗೆ ಸಾಕಾಗಿದೆ. ನಿಮ್ಮ ಮಾತು ನಿಂತಿತು, ಊರು ಒಪ್ಪಿತು, ನಿಮ್ಮ ಹೊಸ್ತಿಲನ್ನು ಸಾರಿಸಿ ರಂಗೋಲಿ ಹಾಕಿದ್ದೇನೆ.

ರಾಧಾಮಣಿಗೂ ಅವಳ ಯಜಮಾನರಿಗೂ ನನ್ನ ಒಳ್ಳೆಯ ಮಾತು ತಿಳಿಸಿ. ನಿಮ್ಮನ್ನು ಎರಡು ತಿಂಗಳು ಸಹಿಸಿಕೊಂಡದ್ದಕ್ಕೆ ಅವಳಿಗೆ ಒಂದು ರೇಷ್ಮೆ ಸೀರೆ ಎತ್ತಿಟ್ಟಿದ್ದೇನೆ ಎಂದು ಹೇಳಿ. ಸುರೇಶ, ಹರ್ಷಿತಾ ನಿಮ್ಮ ಕಾಲಿಗೆ ಬಿದ್ದಿದ್ದಾರೆ. ನಮ್ಮ ಮನೆದೇವರು ನಿಮ್ಮ ಬಲಗಣ್ಣನ್ನು ಕಾಯಲಿ.

ಇಂತಿ,
ನಿಮ್ಮವಳು, ಬೀಳದವಳು,
ನಾರಾಯಣಮ್ಮ

ಮರೆತಿದ್ದೆ. ಲಕೋಟೆ ಅಂಟಿಸಬೇಕೆಂದು ಹರ್ಷಿತಾ ಪಕ್ಕದಲ್ಲೇ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಹನ್ನೆರಡನೇ ತಾರೀಖು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ದೊಡ್ಡಬಳ್ಳಾಪುರಕ್ಕೆ ಬರುತ್ತೇನೆ, ನಿಮ್ಮ ಗಾಡಿಯಲ್ಲೇ. ಚೀಲ ಕಟ್ಟಿಕೊಂಡು ರಾಧಾಮಣಿಯ ಬಾಗಿಲಲ್ಲಿ ನಿಂತಿರಿ. ನೀವು ಹಿಂದೆ ಕೂರಬೇಕು. ಇಷ್ಟು ವರ್ಷ ನಾನು ಕೂತಿಲ್ಲವೆ, ಏನು ಸವೆದುಹೋದೆನೆ? ಹೆಂಡತಿಯ ಹಿಂದೆ ಕೂರಲು ನಾಚಿಕೆಯಾದರೆ ಹೆಲ್ಮೆಟ್ಟಿನ ಗಾಜು ಕೆಳಗೆ ಎಳೆದುಕೊಳ್ಳಿ, ದಾರಿಯಲ್ಲಿ ಯಾರಿಗೂ ಗುರುತು ಸಿಗುವುದಿಲ್ಲ. ಅಟ್ಟೂರಿನ ಕಟ್ಟೆ ಬಂದಾಗ ಮಾತ್ರ ಗಾಜು ಮೇಲೆತ್ತಿ. ನಾನು ಗಾಡಿ ನಿಧಾನ ಮಾಡುತ್ತೇನೆ, ಎಲ್ಲರೂ ನಿಮ್ಮ ಮುಖ ನೋಡಲಿ.